ಗುರುತಿಗೆ ಅಡ್ಡಗೆರೆ

ನನ್ನ ಅಣ್ಣನ ವ್ಯಾಪಾರವನ್ನು ಮಣ್ಣುಪಾಲು ಮಾಡಿದವಳು ನಾನೇ. ಇದೆಲ್ಲ ಯಾರೋ ಹೊಟ್ಟೆಕಿಚ್ಚಿನವರು ಹಬ್ಬಿಸಿದ ಸುದ್ದಿ ಎಂದು ನೆಂಟರಲ್ಲಿ ಕೆಲವರು ಈಗಲೂ ನನ್ನ ಪರವಾಗಿ ವಾದಿಸುತ್ತಾರಂತೆ. ಅವರ ಒಳ್ಳೆಯತನಕ್ಕೆ ಕೈ ಮುಗಿಯುತ್ತೇನೆ, ಆದರೆ ಆ ಕೀರ್ತಿಯನ್ನು ಬೇರೆಯವರಿಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಬೇಕೆಂದೇ ಮಾಡಿದೆ. ಹಾಡಹಗಲಲ್ಲಿ, ಚೇಳೂರು ಸಂತೆಯ ನಡುವೆ ಕೂತು, ಎಲ್ಲರೂ ನೋಡುವ ಹಾಗೆ ಮಾಡಿದೆ. ಅದಕ್ಕೆ ನನ್ನ ಹತ್ತಿರ ಇದ್ದದ್ದು ಮೊಳದುದ್ದದ ಒಂದು ಹಳೆಯ ರೈಲು ಹಳಿಯ ತುಂಡು, ಮತ್ತು ಅದೇ ಹಳಿಯಿಂದ ಮಾಡಿಕೊಂಡ ಒಂದು ಸುತ್ತಿಗೆ, ಒಂದು ಉಳಿ.

ನನ್ನ ತವರು ಗುಬ್ಬಿ. ಅಪ್ಪನದು ಕುಲುಮೆ. ಮಚ್ಚು, ಕುಡುಗೋಲು, ಗುದ್ದಲಿ, ತೆಂಗಿನಕಾಯಿ ಸುಲಿಯುವ ಹಾರೆ, ಈಳಿಗೆಮಣೆ, ಸುತ್ತಿನ ಹಳ್ಳಿಗಳಿಗೆ ಬೇಕಾದದ್ದೆಲ್ಲ ಅಲ್ಲಿ ಆಗುತ್ತಿತ್ತು. ಅಪ್ಪ ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲೆ ತಿರುಗಿಸುತ್ತಿದ್ದರೆ, ಎದುರಿಗೆ ನಿಂತು ಸಮ್ಮಟಿಗೆ ಹೊಡೆಯುವುದು ಅಮ್ಮನ ಕೆಲಸ. ನಮ್ಮಂಥ ಮನೆಗಳಲ್ಲಿ ಅದು ಹೆಂಗಸರ ಕೆಲಸವೇ. ದೊಡ್ಡ ಸುತ್ತಿಗೆ ಹೆಂಗಸಿನ ಕೈಯಲ್ಲಿ, ಚಿಕ್ಕ ಸುತ್ತಿಗೆ ಗಂಡಸಿನ ಕೈಯಲ್ಲಿ, ಹೆಸರು ಮಾತ್ರ ಚಿಕ್ಕ ಸುತ್ತಿಗೆಯವನದು. ಅಮ್ಮನ ಭುಜ ಬಿದ್ದುಹೋದ ಮೇಲೆ ಸಮ್ಮಟಿಗೆ ನನ್ನ ಪಾಲಿಗೆ ಬಂತು. ಆಗ ನಾನಿನ್ನೂ ಹೈಸ್ಕೂಲು. ಬೆಳಿಗ್ಗೆ ಒಂದಷ್ಟು ಹೊಡೆದು ಶಾಲೆಗೆ ಹೋಗಿ, ಬಂದು ಬ್ಯಾಗು ಇಟ್ಟು ಮತ್ತೆ ಹೊಡೆಯುತ್ತಿದ್ದೆ. ಕೆಲವು ವರ್ಷದ ಮೇಲೆ ನನ್ನನ್ನು ಹೆಣ್ಣು ನೋಡಲು ಬಂದ ಒಬ್ಬ ಹೆಂಗಸು ನನ್ನ ಅಂಗೈ ಮುಟ್ಟಿ ನೋಡಿ ಗಾಬರಿಯಾಗಿ ಕಾಫಿಯನ್ನೂ ಕುಡಿಯದೆ ಎದ್ದಳು.

ಅಣ್ಣನಿಗೆ ಹೊಗೆ ಆಗುತ್ತಿರಲಿಲ್ಲ. ಇದ್ದಿಲಿನ ಹೊಗೆ ತಾಗಿದರೆ ಅವನಿಗೆ ಕೆಮ್ಮು ಬರುತ್ತದೆ ಎಂದು ಅಮ್ಮ ಅವನನ್ನು ಕುಲುಮೆಯ ಒಳಗೆ ಬಿಡುತ್ತಿರಲಿಲ್ಲ. ಬೀದಿಯಲ್ಲಿ ಸೇದುವ ಸಿಗರೇಟಿನ ಹೊಗೆ ಮಾತ್ರ ಅವನಿಗೆ ಚೆನ್ನಾಗಿಯೇ ಆಗುತ್ತಿತ್ತು. ಅವನು ತುಮಕೂರಿಗೆ ಹೋಗಿ ಐಟಿಐ ಓದಿದ, ಆಮೇಲೆ ಹಿರೇಹಳ್ಳಿಯ ಯಾವುದೋ ಫ್ಯಾಕ್ಟರಿಗೆ ಸೇರಿದ.

ಅಪ್ಪನ ಮಾಲಿಗೆ ಒಂದು ಗುರುತಿತ್ತು. ಅರ್ಧ ಚಂದ್ರ, ಅದರ ಕೆಳಗೆ ಮೂರು ಚುಕ್ಕೆ. ಮಾಲು ಮುಗಿದ ಮೇಲೆ ಹಿಡಿಯ ಹತ್ತಿರದ ಜಾಗವನ್ನು ಕಾಯಿಸಿ, ಅಚ್ಚಿನ ಉಳಿಯನ್ನು ಅದರ ಮೇಲಿಟ್ಟು ಒಂದೇ ಏಟು ಹಾಕುತ್ತಿದ್ದ. ಆ ಅಚ್ಚು ಅಪ್ಪನ ಅಪ್ಪನ ಕಾಲದ್ದು. ತುಮಕೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲೂ ರೈತರು ಅಪ್ಪನ ಹೆಸರು ಗೊತ್ತಿಲ್ಲದೆ ‘ಚಂದ್ರದ ಮಚ್ಚು ಐತಾ’ ಎಂದು ಕೇಳುತ್ತಿದ್ದರು. ಮಸೆಯುತ್ತಾ ಮಸೆಯುತ್ತಾ ಮಚ್ಚು ಅರ್ಧಕ್ಕೆ ಸವೆದು ಹೋದರೂ ಹಿಡಿಯ ಹತ್ತಿರ ಆ ಚಂದ್ರ ಹಾಗೇ ಇರುತ್ತಿತ್ತು.

ಒಂದು ಆಯುಧಪೂಜೆಯ ದಿನ ಅಪ್ಪ ಅಡಿಗಲ್ಲಿಗೆ ಪೂಜೆ ಮಾಡಿ, ನೆಂಟರ ಎದುರಿಗೆ ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ಇಟ್ಟು, ಅದರ ಮೇಲೆ ಆ ಅಚ್ಚನ್ನು ಇಟ್ಟು ಅಣ್ಣನ ಕೈಗೆ ಕೊಟ್ಟ. ನಮ್ಮಲ್ಲಿ ಗುರುತು ಮಗನಿಗೆ ಹೋಗುತ್ತದೆ. ಅದು ಎಲ್ಲರಿಗೂ ಗೊತ್ತಿದ್ದ ವಿಷಯವೇ, ನನಗೂ ಗೊತ್ತಿತ್ತು. ಆದರೂ ಅಣ್ಣ ಆ ತಟ್ಟೆಯನ್ನು ಪ್ರಸಾದದ ತಟ್ಟೆ ಹಿಡಿದಂತೆ ಒಂದೇ ಕೈಯಲ್ಲಿ ಹಿಡಿದುಕೊಂಡದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಎಲ್ಲರೂ ಊಟಕ್ಕೆ ಎದ್ದ ಮೇಲೆ ಅಪ್ಪನನ್ನು ಕೇಳಿದೆ.

“ಏಟು ಹಾಕಿದ್ದು ನಾನು. ಗುರುತು ಅವ್ನಿಗಾ?”

“ನೀನು ಹೋಗೋಳು ಕಣವ್ವ. ಗುರುತು ಮನೇಲಿರ್ಬೇಕು,” ಅಂದ ಅಪ್ಪ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ಹೇಳುವಂತೆ ಹೇಳಿದ. ಅದೇ ನನ್ನನ್ನು ಇಷ್ಟು ವರ್ಷ ಕುದಿಸಿದ್ದು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಮದುವೆಯಾಗುವವರೆಗೂ ನಾನು ಸಮ್ಮಟಿಗೆ ಹೊಡೆದೆ. ಗುರುತು ಈಗ ಅಣ್ಣನದಾದ್ದರಿಂದ ಅದನ್ನು ಹಾಕುವ ಹಕ್ಕೂ ಅವನದೇ. ಡ್ಯೂಟಿ ಮುಗಿಸಿ ಬಂದು, ಮೂಗಿಗೆ ಕರ್ಚೀಫು ಕಟ್ಟಿಕೊಂಡು, ನಾನೂ ಅಪ್ಪನೂ ಕಾಯಿಸಿ ಮುಂದಿಟ್ಟ ಮಾಲಿಗೆ ಒಂದೊಂದು ಏಟು ಹಾಕಿ, ಕೈ ತೊಳೆದುಕೊಂಡು ಹೋಗುತ್ತಿದ್ದ. ಅವನ ಏಟು ಓರೆಯಾಗಿ ಬಿದ್ದು ಚಂದ್ರ ಒಂದು ಕಡೆ ಆಳ, ಒಂದು ಕಡೆ ತೇಲು. ಅಪ್ಪ ಅದನ್ನು ನೋಡಿಯೂ ನೋಡದವನಂತೆ ಇರುತ್ತಿದ್ದ.

ನನ್ನನ್ನು ಕುಣಿಗಲ್ಲಿಗೆ ಕೊಟ್ಟರು. ನಮ್ಮ ಯಜಮಾನರದು ಬಸ್‌ಸ್ಟ್ಯಾಂಡ್ ಹತ್ತಿರ ವೆಲ್ಡಿಂಗ್ ಅಂಗಡಿ, ಗೇಟು, ಗ್ರಿಲ್ಲು ಮಾಡುತ್ತಾರೆ. ಮೆತ್ತನೆಯ ಮನುಷ್ಯ. ನನ್ನ ಅಂಗೈ ನೋಡಿ ಹೆದರದಿದ್ದ ಮೊದಲ ಗಂಡು ಅಂತಲೇ ಒಪ್ಪಿಕೊಂಡೆ. ನಾನು ಹೋದ ಮೇಲೆ ಅಪ್ಪನಿಗೆ ಎದುರು ಹೊಡೆಯುವವರಿಲ್ಲದೆ, ಮಂಡಿ ನೋವೂ ಸೇರಿ, ಕುಲುಮೆ ನಿಧಾನವಾಗಿ ಆರಿತು. ಅಮ್ಮ ಆ ಹೊತ್ತಿಗೆ ತೀರಿಕೊಂಡಿದ್ದಳು. ಅಣ್ಣ ಫ್ಯಾಕ್ಟರಿ ಕೆಲಸ ಬಿಟ್ಟು ಹಿರೇಹಳ್ಳಿಯಲ್ಲೇ ಬಾಡಿಗೆ ಶೆಡ್ಡು ಹಿಡಿದು ತನ್ನದೇ ಯೂನಿಟ್ಟು ತೆಗೆದ. ಏನು ಮಾಡುತ್ತಾನೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ತಿಳಿದದ್ದು ಒಂದು ಗೌರಿ ಹಬ್ಬದಲ್ಲಿ. ತವರಿನ ಬಾಗಿನ ಕೊಡಲು ಬಂದ ಅಣ್ಣ ಮೊರದ ಜೊತೆಗೆ ಒಂದು ಈಳಿಗೆಮಣೆಯನ್ನೂ ತಂದಿದ್ದ.

“ನಮ್ದೇ ಮಾಲು ಕಣೇ. ಅಂಗ್ಡೀಲಿ ಸಿಗಾಕಿಲ್ಲ ಅಂತ ಜನ ಬಡ್ಕೋತವ್ರೆ,” ಅಂದ.

ಅವನು ಹೋದ ಮೇಲೆ ಅದರ ಮೇಲೆ ಸಿಹಿಗುಂಬಳ ಇಟ್ಟು ಒತ್ತಿದೆ. ಕುಂಬಳ ಹಾಗೇ ಇತ್ತು, ಈಳಿಗೆ ಬಾಗಿತು. ಬಾಗಿದ್ದನ್ನು ಬೆರಳಲ್ಲೇ ನೆಟ್ಟಗೆ ಮಾಡಬಹುದಿತ್ತು, ಅಷ್ಟು ಮೆದು. ತಗಡಿನ ಶೀಟನ್ನು ಮಿಷಿನ್ನಿನಲ್ಲಿ ಕತ್ತರಿಸಿ, ಕಪ್ಪು ಬಣ್ಣ ಬಳಿದು, ಅಂಚನ್ನು ಗ್ರೈಂಡರಿಗೆ ಕೊಟ್ಟು ಮಿರುಗಿಸಿದ್ದ. ಆಮೇಲೆ ಬುಡದಲ್ಲಿ ಕಣ್ಣಿಗೆ ಬಿತ್ತು, ಅರ್ಧ ಚಂದ್ರ, ಮೂರು ಚುಕ್ಕೆ. ಈ ಸಲ ಓರೆಯಾಗಿರಲಿಲ್ಲ. ಮಿಷಿನ್ನಿನಿಂದಲೇ ಒತ್ತಿಸಿದ್ದ.

ನನ್ನ ಭುಜದ ಮೇಲೆ ನಿಂತಿದ್ದ ಗುರುತನ್ನು ಅವನು ತಗಡಿನ ಮೇಲೆ ಒತ್ತಿ, ಅದನ್ನು ನನಗೇ ಬಾಗಿನವಾಗಿ ಕೊಟ್ಟುಹೋಗಿದ್ದ. ಆ ಕುಂಬಳವನ್ನು ಆ ಹಬ್ಬಕ್ಕೆ ಬೇಯಿಸಲೇ ಇಲ್ಲ.

ಮಾರನೆಯ ವಾರ ಹಿರೇಹಳ್ಳಿಗೆ ಹೋದೆ. ಶೆಡ್ಡಿನ ಮೂಲೆಯಲ್ಲಿ ಕುಡುಗೋಲುಗಳನ್ನು ಹಪ್ಪಳದ ಹಾಗೆ ಪೇರಿಸಿಟ್ಟಿದ್ದರು. ಅಣ್ಣ ಕುರ್ಚಿ ಹಾಕಿಸಿ, ಟೀ ತರಿಸಿ, ನಾನು ಹೇಳುವುದನ್ನೆಲ್ಲ ನಗುನಗುತ್ತಲೇ ಕೇಳಿದ.

“ಜನಕ್ಕೆ ಗಟ್ಟಿ ಮಾಲು ಬ್ಯಾಡ ಕಣೇ. ಕಮ್ಮಿ ರೇಟಿಗೆ ಬೇಕು. ಮುರಿದ್ರೆ ಇನ್ನೊಂದು ತಗೋತಾರೆ.”

“ತಗೊಳ್ಳಿ. ಅಪ್ಪನ ಗುರುತು ಯಾಕೆ ಹಾಕ್ತೀಯ?”

“ಅಪ್ಪನ ಗುರುತಲ್ಲ ಅದು, ನಂದು. ನಿನ್ನ ಮುಂದೇನೇ ಕೊಟ್ಟಿದ್ದಲ್ವಾ?” ಅಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ, ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. “ಕೂಲಿಯೋರು ಸಮ್ಮಟಿಗೆ ಹೊಡೀತಾರೆ ಅಂತ ಕುಲುಮೇಲಿ ಪಾಲು ಕೇಳಾಕಾಯ್ತದಾ?”

ಅವನ ಟೀಯನ್ನು ಹಾಗೇ ಬಿಟ್ಟು ಎದ್ದೆ. ಅಲ್ಲಿಂದ ನೇರ ಗುಬ್ಬಿಗೆ ಹೋದೆ. ಅಪ್ಪ ಆರಿದ ಕುಲುಮೆಯ ಮುಂದೆ ಕೂತು ಯಾರದೋ ಬಾಗಿದ ಕುಡುಗೋಲನ್ನು ಚಿಕ್ಕ ಸುತ್ತಿಗೆಯಿಂದ ತಟ್ಟಿ ನೇರ ಮಾಡುತ್ತಿದ್ದ. ಅಣ್ಣನ ಮಾಲು. ಕೊಂಡವರು ಗುರುತು ನೋಡಿ ಅಪ್ಪನ ಮನೆ ಬಾಗಿಲಿಗೆ ಬಂದು ಬೈದು, ಬಿಸಾಕಿ ಹೋಗುತ್ತಿದ್ದರಂತೆ. ಅಪ್ಪ ಎದುರು ಮಾತಾಡದೆ ತಟ್ಟಿ ಕೊಡುತ್ತಿದ್ದನಂತೆ. ತಗಡನ್ನು ಎಷ್ಟು ತಟ್ಟಿದರೂ ಅದು ತಗಡೇ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ನಾನು ಮಾಡಿದ್ದಲ್ಲ ಅಂತ ಒಂದು ಮಾತು ಹೇಳಾಕಾಗಲ್ವಾ ನಿಂಗೆ?” ಅಂದೆ.

“ಅವ್ನೂ ಬದುಕ್ಬೇಕಲ್ಲವ್ವ. ಜನ ಒಂದಿನ ಬೈತಾರೆ, ಆಮೇಲೆ ಮರೀತಾರೆ. ಬುಡು.”

ಬಸ್ಸಿನಲ್ಲಿ ಕುಣಿಗಲ್ಲಿಗೆ ವಾಪಸು ಬರುವಾಗ ನಾನು ಬಿಡಬಾರದು ಎಂದು ತೀರ್ಮಾನಿಸಿದೆ. ಆ ಗುರುತು ನನಗೆ ಸಿಗುವುದಿಲ್ಲ, ಸರಿ. ಅವನಿಗೂ ಉಳಿಯಬಾರದು. ಚಂದ್ರ ನೋಡಿದರೆ ರೈತರು ಮಾಲನ್ನು ಕೈಯಿಂದ ಕೆಳಗಿಡಬೇಕು, ಅಂಗಡಿಯವರು ಅದನ್ನು ಒಳಗೆ ಸೇರಿಸಬಾರದು. ಅಷ್ಟಾಗುವವರೆಗೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಮ್ಮ ಯಜಮಾನರ ಅಂಗಡಿಯ ಮುಂದೆ ಒಂದು ರೈಲು ಹಳಿಯ ತುಂಡು ಬಿದ್ದಿತ್ತು. ರೈಲ್ವೆಯವರು ಹಳೆಯ ಹಳಿ ಕಿತ್ತು ಹರಾಜು ಹಾಕಿದಾಗ ತುಮಕೂರಿನ ಗುಜರಿಯವನೊಬ್ಬ ಹಿಡಿದಿದ್ದ ಮಾಲು, ರಸೀದಿ ಸಮೇತ ತಂದದ್ದು. ರಸೀದಿ ಇಲ್ಲದ ಹಳಿಯನ್ನು ಯಾರೂ ಮುಟ್ಟಬಾರದು, ಪೊಲೀಸರು ಬರುತ್ತಾರೆ. ಯಜಮಾನರು ಅದರ ಮೇಲೆ ಪಟ್ಟಿ ಬಗ್ಗಿಸುತ್ತಿದ್ದರು, ಅಷ್ಟೇ. ಹಳಿ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ವರ್ಷಗಟ್ಟಲೆ ರೈಲುಗಳು ತುಳಿದು ತುಳಿದು ಅದರ ತಲೆ ಕಲ್ಲಿನಂತಾಗಿರುತ್ತದೆ. ಒಳಗಿನ ಉಕ್ಕು ಅಂಗಡಿಯಲ್ಲಿ ಸಿಗುವ ಸಾದಾ ಕಬ್ಬಿಣದಂತಲ್ಲ, ಕಾಯಿಸಿ ಅದ್ದಿ ಹದ ಕೊಟ್ಟರೆ ಹಿಡಿದುಕೊಳ್ಳುತ್ತದೆ. ತುಳಿದಷ್ಟೂ ಗಟ್ಟಿಯಾದ ಆ ಹಳಿಯನ್ನು ಕಂಡರೆ ನನಗೆ ಒಂಥರಾ ಹತ್ತಿರದ ಸಂಬಂಧಿಯನ್ನು ಕಂಡಂತಾಯಿತು.

“ಇದು ನಂಗೆ ಬೇಕು ಕಣ್ರೀ,” ಅಂದೆ.

“ಏನ್ಮಾಡ್ತೀಯ?”

“ಅಣ್ಣನ ಮರ್ಯಾದೆ ತೆಗೀತೀನಿ.”

“ಹಂಗಾದ್ರೆ ತಗೋ,” ಅಂದು ಅವರು ಗ್ಯಾಸ್ ಕಟ್ಟರ್ ಹೊತ್ತಿಸಿದರು.

ಹಳಿಯನ್ನು ಮಲಗಿಸಿ ಅದರ ಬೆನ್ನ ಮೇಲೆ ಬಡಿಯುವವರು ಬಹಳ ಜನ. ಅದರ ಸೊಂಟ ಸಣ್ಣ, ಏಟು ಬಿದ್ದರೆ ಕುಣಿಯುತ್ತದೆ, ಕೆಲಸಕ್ಕೆ ಹೋಗಬೇಕಾದ ಬಲ ಕುಣಿತಕ್ಕೆ ಹೋಗುತ್ತದೆ. ನಾನು ನಿಲ್ಲಿಸಿದೆ. ಬೇವಿನ ಕೊರಡಿನಲ್ಲಿ ಗುಳಿ ತೋಡಿ, ಹಳಿಯ ಒಂದು ತುದಿಯನ್ನು ಅದರಲ್ಲಿ ಹೂತು, ಮೇಲಿನ ತುದಿಯನ್ನು ಉಜ್ಜಿ ಸಮ ಮಾಡಿದೆ. ಹಾಗೆ ನಿಂತರೆ ಪೂರಾ ಹಳಿಯ ಭಾರ ಏಟಿನ ಕೆಳಗೇ ಇರುತ್ತದೆ. ಏಟು ಬೀಳುವ ಮುಖ ಅಂಗೈ ಅಗಲ ಕೂಡ ಇಲ್ಲ, ಆದರೆ ನನಗೆ ಬೇಕಿದ್ದ ಕೆಲಸಕ್ಕೆ ಅಷ್ಟು ಸಾಕಾಗಿತ್ತು.

ಲಾರಿಯ ಹಳೇ ಬ್ರೇಕ್ ಡ್ರಮ್ಮಿನಲ್ಲಿ ಇದ್ದಿಲು ತುಂಬಿ, ಬ್ಲೋವರ್ ಜೋಡಿಸಿ ಕುಲುಮೆ ಮಾಡಿಕೊಂಡೆ. ಹಳಿಯ ತಲೆಯಿಂದ ಕಡಿದ ತುಂಡು ಸುತ್ತಿಗೆಗೆ, ಪಾದದಿಂದ ಕಡಿದ ತುಂಡು ಉಳಿಗೆ. ಈಗ ಇಕ್ಕಳ ನನ್ನ ಕೈಯಲ್ಲಿ, ಎದುರು ಹೊಡೆಯಲು ಯಜಮಾನರು. ಗೇಟು ಮಾಡುವವರಿಗೆ ಏಟು ಎಲ್ಲಿಗೆ ಬೀಳಬೇಕು ಎನ್ನುವ ಚಿಂತೆ ಇರುವುದಿಲ್ಲ. ನಾನು ತೋರಿಸಿದ ಕಡೆ ಬಿಟ್ಟು ಸುತ್ತಮುತ್ತ ಎಲ್ಲ ಕಡೆಗೂ ಹೊಡೆದರು. ಒಮ್ಮೆ ಇಕ್ಕಳಕ್ಕೇ ಹೊಡೆದು ನನ್ನ ಮೊಣಕೈವರೆಗೆ ಜುಮ್ಮೆನ್ನಿಸಿದರು. ಬೈದೆ. ಬೈಸಿಕೊಂಡು ಮತ್ತೆ ಹೊಡೆದರು. ಆ ಉಕ್ಕೋ, ಬಗ್ಗುವುದಕ್ಕೇ ಒಪ್ಪುತ್ತಿರಲಿಲ್ಲ. ಅಪ್ಪ ಮಚ್ಚಿಗೆ ಬಳಸುತ್ತಿದ್ದ ಲಾರಿ ಸ್ಪ್ರಿಂಗಿನ ಪಟ್ಟಿ ನಾಲ್ಕು ಏಟಿಗೆ ಕೊಡುವುದನ್ನು ಇದು ಅರ್ಧ ದಿನಕ್ಕೂ ಕೊಡಲಿಲ್ಲ. ಸುತ್ತಿಗೆಗೆ ಮರದ ಹಿಡಿ ತೂರಿಸುವ ತೂತು ಬೀಳುವಷ್ಟರಲ್ಲಿ ಇಬ್ಬರಿಗೂ ಮಾತಾಡಲು ಶಕ್ತಿ ಇರಲಿಲ್ಲ.

ಉಳಿಗೆ ಹದ ಕೊಡುವಾಗ ಒಂದು ಎಡವಟ್ಟು ಮಾಡಿದೆ. ನಮ್ಮ ಮನೆಯಲ್ಲಿ ಕಂಡದ್ದು ಒಂದೇ ರೀತಿ, ಬಾಯಿಯನ್ನು ಕೆಂಪಗೆ ಕಾಯಿಸಿ ನೀರಿನ ಕಲ್ಲುಬಾನಿಗೆ ಇಳಿಸುವುದು. ಅಪ್ಪ ಹಾಗೇ ಮಾಡುತ್ತಿದ್ದ, ಅವನಪ್ಪನೂ ಹಾಗೇ ಮಾಡುತ್ತಿದ್ದನಂತೆ. ನಾನೂ ಯೋಚನೆಯೇ ಮಾಡದೆ ಬಕೆಟ್ಟಿನ ನೀರಿಗೆ ಅದ್ದಿದೆ. ಟಿಣ್ ಎಂದು ಸಣ್ಣ ಸದ್ದು. ಎತ್ತಿ ನೋಡಿದರೆ ಬಾಯಿಯಿಂದ ಮೇಲಕ್ಕೆ ಕೂದಲೆಳೆಯಷ್ಟು ಬಿರುಕು. ಲಾರಿ ಪಟ್ಟಿಯ ಜೊತೆ ಅಪ್ಪನ ಕೈಗೆ ನಡೆದ ಆಟ ಹಳಿಯ ಜೊತೆ ನನ್ನ ಕೈಗೆ ನಡೆಯಲಿಲ್ಲ. ಎರಡು ದಿನದ ಕೆಲಸ ಹೋಯಿತು. ಅದಕ್ಕಿಂತ ಹೆಚ್ಚು ಉರಿದದ್ದು, ತವರಿನ ಮೇಲಿನ ಸಿಟ್ಟಿಗೆ ಹೊರಟ ನಾನು ಅಪ್ಪನ ಅಭ್ಯಾಸವನ್ನೇ ಹಿಡಿದು ಕೆಟ್ಟದ್ದಕ್ಕೆ.

ಎರಡನೆಯ ಉಳಿಯನ್ನು ಪಕ್ಕದ ಗ್ಯಾರೇಜಿನಿಂದ ತಂದ ಹಳೇ ಇಂಜಿನ್ ಆಯಿಲ್ಲಿಗೆ ಇಳಿಸಿದೆ. ಗಬ್ಬು ಹೊಗೆ ಎದ್ದು ಬೀದಿಯವರೆಲ್ಲ ಮೂಗು ಮುಚ್ಚಿಕೊಂಡರು, ಬಿರುಕು ಬರಲಿಲ್ಲ. ಆಮೇಲೆ ಬಾಯಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಹಿಂದಿನಿಂದ ಮೆಲ್ಲಗೆ ಬಿಸಿ ಕೊಟ್ಟೆ. ಮೊದಲು ಒಣಹುಲ್ಲಿನ ಬಣ್ಣ ಓಡಿಬಂತು, ಆಮೇಲೆ ಕಂದು, ಅದರ ಹಿಂದೆ ನೇರಳೆ. ನೀಲಿಗೆ ತಿರುಗುವ ಮುಂಚೆ ಮತ್ತೆ ಎಣ್ಣೆಗೆ ಹಾಕಿದೆ. ಮಾರನೇ ದಿನ ಆ ಉಳಿಯನ್ನು ಅಣ್ಣನ ಈಳಿಗೆಯ ಚಂದ್ರದ ಮೇಲಿಟ್ಟು, ಹಳಿಯ ಸುತ್ತಿಗೆಯಿಂದ ಒಂದೇ ಏಟು ಹಾಕಿದೆ. ಚಂದ್ರ, ಚುಕ್ಕೆ ಎಲ್ಲದರ ಮೇಲೆ ಅಡ್ಡಗೆರೆ ಬಿತ್ತು. ಉಳಿಯ ಬಾಯಿ ಹಾಗೇ ಇತ್ತು. ಅವತ್ತು ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದೆ.

ರಾಗಿ ಕೊಯ್ಲು ಹತ್ತಿರವಾದಾಗ, ಕುಡುಗೋಲು ಕೊಳ್ಳುವವರು ಮುಗಿಬೀಳುವ ಹೊತ್ತಿಗೆ, ಲಗೇಜ್ ಆಟೋದಲ್ಲಿ ಹಳಿಯನ್ನು ಹಾಕಿಕೊಂಡು ಚೇಳೂರು ಸಂತೆಗೆ ಹೋದೆ. ಅಣ್ಣನ ಮಾಲು ಮಾರುವ ಒಬ್ಬ ವ್ಯಾಪಾರಿ ಅಲ್ಲಿ ಟಾರ್ಪಾಲು ಹಾಸಿಕೊಂಡು ಕೂರುತ್ತಿದ್ದ. ಅವನ ಎದುರಿಗೇ ಕೊರಡನ್ನು ಇಳಿಸಿ, ಹಳಿ ನಿಲ್ಲಿಸಿ, ಪಕ್ಕದಲ್ಲಿ ಒಂದು ಹಿಡಿ ಮೊಳೆ ಇಟ್ಟುಕೊಂಡು ಕೂತೆ.

“ಚಂದ್ರದ ಮಾಲು ತಗೊಂಡಿರೋರು ತನ್ನಿ,” ಅಂತ ಕೂಗಿದೆ. “ಮೊಳೆ ಕಡ್ದು ನೋಡಾನ. ಬಾಯಿ ಮಡಚ್ಕೊಂಡ್ರೆ ಆ ಗುರುತು ಸುಳ್ಳು. ಬಿಟ್ಟಿಯಾಗೇ ಹೊಡ್ದಾಕ್ತೀನಿ.”

ಮೊಳೆ ಕಡಿಯುವುದು ನಮ್ಮ ಕಡೆಯ ಹಳೆಯ ಪರೀಕ್ಷೆ. ಮೊಳೆಯನ್ನು ಅಡಿಗಲ್ಲಿನ ಮೇಲಿಟ್ಟು, ಅದರ ಮೇಲೆ ಮಚ್ಚಿನ ಬಾಯಿ ಇಟ್ಟು, ಮಚ್ಚಿನ ಬೆನ್ನಿಗೆ ಸುತ್ತಿಗೆಯಿಂದ ಹೊಡೆಯಬೇಕು. ಮುಕ್ಕಾಲು ಪಾಲು ಕಡಿದು ನಿಲ್ಲಿಸಿ, ಉಳಿದದ್ದನ್ನು ಕೈಯಲ್ಲಿ ಮುರಿಯಬೇಕು, ಇಲ್ಲದಿದ್ದರೆ ಬಾಯಿ ಅಡಿಗಲ್ಲಿಗೇ ತಾಗಿ ಒಳ್ಳೆಯ ಮಾಲೂ ಕೆಡುತ್ತದೆ. ಹದವಿರುವ ಬಾಯಿಗೆ ಏನೂ ಆಗುವುದಿಲ್ಲ. ತಗಡಾದರೆ ಮೊಳೆಯ ಆಕಾರಕ್ಕೇ ಹಳ್ಳ ಬೀಳುತ್ತದೆ.

ಮೊದಲು ಬಂದವನು ನನ್ನನ್ನು ನಂಬಿ ಬಂದವನಲ್ಲ, ಎದುರಿನ ವ್ಯಾಪಾರಿಯಿಂದ ಆಗತಾನೇ ಕುಡುಗೋಲು ಕೊಂಡು, ನನಗೆ ಬುದ್ಧಿ ಕಲಿಸಲು ಬಂದವನು.

“ಹೆಂಗಸ್ರು ಕಬ್ಣದ ಉಸಾಬ್ರಿಗೆ ಬರಬಾರ್ದಮ್ಮ,” ಅಂದ.

“ಆಯ್ತು, ನೀವೇ ಹೊಡೀರಿ,” ಅಂತ ಸುತ್ತಿಗೆ ಅವನ ಕೈಗೇ ಕೊಟ್ಟೆ. ಒಂದು ಏಟಿಗೆ ಕುಡುಗೋಲಿನ ಬಾಯಿ ಮೊಳೆಯನ್ನು ತಬ್ಬಿಕೊಂಡಿತು. ಅವನು ಅದನ್ನು ಎತ್ತಿ ಹಿಡಿದು ನೋಡಿದ, ಸುತ್ತ ನಿಂತವರಿಗೂ ತೋರಿಸಿದ, ಆಮೇಲೆ ತಿರುಗಿ ಎದುರಿನ ಟಾರ್ಪಾಲಿನ ಕಡೆ ನಡೆದ. ಅಲ್ಲಿ ಆದ ಜಗಳವನ್ನು ನಾನು ಕಡಲೆಕಾಯಿ ತಿನ್ನುತ್ತಾ ಕೇಳಿದೆ.

ಆಮೇಲೆ ಜನ ಸಾಲು ಹಚ್ಚಿದರು. ಮನೆಗೆ ಹೋಗಿ ಅಟ್ಟದ ಮೇಲೆ ಎಸೆದಿದ್ದನ್ನೆಲ್ಲ ಹುಡುಕಿ ತಂದರು. ಮುಂದಿನ ಸಂತೆಗೆ ದೂರದ ಹಳ್ಳಿಗಳಿಂದಲೂ ಬಂದರು. ಬಾಗಿದ್ದಕ್ಕೆಲ್ಲ ಉಳಿ ಇಟ್ಟು ಅಡ್ಡಗೆರೆ ಎಳೆದೆ. ಮಾತು ಗೂಳೂರಿಗೆ ಹೋಯಿತು, ತುಮಕೂರಿನ ಅಂಗಡಿಗಳಿಗೆ ಹೋಯಿತು. ಒಮ್ಮೊಮ್ಮೆ ಅಪ್ಪನ ಕೈಯ ಹಳೇ ಮಾಲೂ ಬರುತ್ತಿತ್ತು. ಮೊಳೆ ಕಡಿದು ಹಾಗೇ ನಿಲ್ಲುತ್ತಿದ್ದ ಆ ಮಾಲಿಗೆ ಗೆರೆ ಹಾಕದೆ, ಒರೆಸಿ ವಾಪಸು ಕೊಡುತ್ತಿದ್ದೆ. ಅಷ್ಟು ನ್ಯಾಯ ಇಟ್ಟುಕೊಂಡಿದ್ದೆ. ಆದರೆ ಅವರಲ್ಲೂ ಕೆಲವರು, “ಆ ಗುರುತೇ ಬ್ಯಾಡ ಕಣಮ್ಮ, ನೋಡಿದ್ರೆ ಮೈ ಉರೀತದೆ, ಒಡ್ದಾಕು” ಅನ್ನತೊಡಗಿದರು. ಒಳ್ಳೆಯ ಮಾಲಿನ ಮೇಲಿನ ಚಂದ್ರಕ್ಕೂ ಜನ ಮುಖ ತಿರುಗಿಸುತ್ತಿದ್ದಾರೆ ಎಂದು ಆಗ ಗೊತ್ತಾಯಿತು. ನಾನು ಅಂದುಕೊಂಡದ್ದು ಆಗಿತ್ತು. ಸಂತೋಷವಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಅಣ್ಣ ಮೊದಲು ಫೋನಿನಲ್ಲಿ ಕೂಗಾಡಿದ. ಆಮೇಲೆ ಕುಣಿಗಲ್ಲಿಗೇ ಬಂದ. ಅಂಗಡಿಯವರು ಮಾಲನ್ನು ವಾಪಸು ಕಳಿಸುತ್ತಿದ್ದರು, ಶೆಡ್ಡಿನವನು ಖಾಲಿ ಮಾಡು ಅನ್ನುತ್ತಿದ್ದ. ಗಡ್ಡ ಬಿಟ್ಟುಕೊಂಡು ಬಂದಿದ್ದ. ಈ ಸಲ ಕುರ್ಚಿ ಹಾಕಿ ಟೀ ಕೊಟ್ಟವಳು ನಾನು.

“ನಮ್ಮ ಮನೆ ಮರ್ಯಾದೆ ಸಂತೇಲಿ ಹರಾಜು ಹಾಕ್ತಿದೀಯಲ್ಲೇ. ಅಪ್ಪನ ಮುಖ ನೋಡಾದ್ರೂ ನಿಲ್ಸು,” ಅಂದ.

“ಅಪ್ಪನ ಮಾಲು ಮೊಳೆ ಕಡೀತದೆ ಕಣಣ್ಣ. ನಿನ್ನ ಮಾಲೂ ಕಡೀಲಿ, ನಿಲ್ಲಿಸ್ತೀನಿ.”

“ನಿಂಗೇನು ಬೇಕು ಹೇಳು.”

“ಟೀ ತಣ್ಣಗಾಯ್ತದೆ. ಕುಡ್ಕೊಂಡು ಹೊರಡು. ಕೂಲಿಯೋರ ಹತ್ರ ಏನು ಮಾತು ನಿಂಗೆ.”

ಅವನ ಕಣ್ಣಲ್ಲಿ ನೀರು ಬಂತು. ಬರಲಿ ಎಂದೇ ಕೂತಿದ್ದೆ, ಬಂದದ್ದನ್ನು ಚೆನ್ನಾಗಿ ನೋಡಿದೆ. ಯಜಮಾನರು ಒಳಗಿನಿಂದ ಬಂದು, ಸಾಕು ಬಿಡೇ ಎಂಬಂತೆ ನನ್ನ ಕಡೆ ನೋಡಿದರು. ನಾನು ಬಿಡಲಿಲ್ಲ, ಮುಂದಿನ ವಾರವೂ ಸಂತೆಗೆ ಹೋದೆ.

ಆ ವಾರ ಅಪ್ಪ ಬಂದ.

ಗುಬ್ಬಿಯಿಂದ ಬಸ್ಸು ಹತ್ತಿ, ಮಂಡಿ ಹಿಡಿದುಕೊಂಡು ಇಳಿದು ಬಂದಿದ್ದ. ಎಲ್ಲರ ಹಿಂದೆ, ಬಿಸಿಲಿನಲ್ಲಿ, ಸಾಲಿನಲ್ಲಿ ನಿಂತ. ನಾನು ನೋಡಿದೆ. ಎದ್ದು ಹೋಗಿ ಕರೆಯಬೇಕಿತ್ತು, ಕರೆಯಲಿಲ್ಲ. ಒಬ್ಬೊಬ್ಬರದೇ ಮೊಳೆ ಕಡಿಸಿ, ಗೆರೆ ಎಳೆದು ಕಳಿಸುತ್ತಾ ಹೋದೆ. ಗುರುತು ಹಿಡಿದವರು, “ಯಜಮಾನ್ರೇ, ನೀವು ಮುಂದೆ ಹೋಗಿ” ಅಂದರೂ ಅವನು ತನ್ನ ಸರದಿ ಬರುವವರೆಗೆ ಅಲ್ಲೇ ನಿಂತ.

ಅವನ ಸರದಿ ಬಂದಾಗ ಟವೆಲ್ಲು ಬಿಚ್ಚಿ ಒಂದು ಮಚ್ಚು ತೆಗೆದ. ಮನೆಯ ಬಾಗಿಲ ಹಿಂದೆ ಸದಾ ಇರುತ್ತಿದ್ದ ಮಚ್ಚು. ಅದಕ್ಕೆ ಸಮ್ಮಟಿಗೆ ಹೊಡೆದವಳು ನಾನೇ, ಮದುವೆಗೆ ಮುಂಚಿನ ಬೇಸಿಗೆಯಲ್ಲಿ. ಅಪ್ಪ ತಾನೇ ಮೊಳೆಯನ್ನು ಎತ್ತಿ ಹಳಿಯ ಮೇಲಿಟ್ಟ. ಹಳಿಯನ್ನು ನಿಲ್ಲಿಸಿದ ರೀತಿಯನ್ನು ಒಂದು ಸಲ ಕೆಳಗಿನಿಂದ ಮೇಲಕ್ಕೆ ನೋಡಿದ. ನಾನು ಹೊಡೆದೆ. ಮೊಳೆ ಕಡಿಯಿತು. ಬಾಯಿಯ ಮೇಲೆ ಬೆರಳಾಡಿಸಿದೆ, ಒಂದು ಚುಕ್ಕೆ ಕೂಡ ಬಿದ್ದಿರಲಿಲ್ಲ.

“ಇದು ಗಟ್ಟಿ ಮಾಲು. ಇದಕ್ಕೆ ಗೆರೆ ಹಾಕಲ್ಲ,” ಅಂದೆ.

“ಹಾಕು.”

“ಗಟ್ಟಿ ಐತೆ ಅಪ್ಪ.”

“ನಂಗೊತ್ತು. ನಾನು ಮಾಡಿದ್ದು,” ಅಂದ. ಆಮೇಲೆ, ಸಾಲಿನಲ್ಲಿದ್ದವರಿಗೆ ಕೇಳದ ಹಾಗೆ ದನಿ ತಗ್ಗಿಸಿ, “ನೀನು ಅವ್ನಿಗೆ ಹೊಡೀತಿದೀಯ ಅಂತ ಊರೆಲ್ಲ ಅಂತದೆ. ನೀನು ಹೊಡೀತಿರಾದು ನಂಗೆ ಕಣವ್ವ. ಹೊಡಿಯಾದಾದ್ರೆ ನೇರ ಹೊಡಿ.”

ಅಣ್ಣ ಯಾವ ದೊಡ್ಡ ಮನುಷ್ಯ? ಅವನು ತಟ್ಟೆ ಒಡ್ಡಿದ, ಅಷ್ಟೇ. ಕೊಟ್ಟವನು ಇವನು. ಬಸ್ಸಿನ ಹೊತ್ತು ಹೇಳಿದಂತೆ ‘ನೀನು ಹೋಗೋಳು’ ಅಂದವನು ಇವನು. ಇಷ್ಟು ಸಂತೆಗಳಲ್ಲಿ, ಇಷ್ಟು ತಗಡಿನ ಮೇಲೆ ನಾನು ಹಾಕಿದ ಒಂದೊಂದು ಏಟೂ ಯಾರಿಗೆ ಹೋಗಿ ತಗುಲಬೇಕಿತ್ತೋ ಅವನೇ ಬಿಸಿಲಿನಲ್ಲಿ ಕಾದು ನಿಂತು, ಮಚ್ಚನ್ನು ಹಳಿಯ ಮೇಲೆ ಮಲಗಿಸಿ, ಅಲುಗಾಡದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅಳು ಬಂತು. ಅಳುವಿನ ಜೊತೆ ಸಿಟ್ಟೂ ಬಂತು, ಹಳೆಯದೆಲ್ಲ ಒಟ್ಟಿಗೆ ಬಂತು.

ಉಳಿಯನ್ನು ಚಂದ್ರದ ಮೇಲೆ ಇಟ್ಟು ಹೊಡೆದೆ. ಬೇರೆಯವರಿಗೆ ಒಂದು ಏಟು ಹಾಕುತ್ತಿದ್ದೆ, ಅಪ್ಪನಿಗೆ ಎರಡು ಹಾಕಿದೆ. ಗೆರೆ ಆಳವಾಗಿ ಬಿತ್ತು. ಏಟು ಬಿದ್ದಾಗಲೂ ಅವನ ಕೈ ಕದಲಲಿಲ್ಲ.

ಅಪ್ಪ ಮಚ್ಚನ್ನು ಎತ್ತಿ ಆ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. ನನ್ನ ಉಳಿಯನ್ನೂ ತೆಗೆದುಕೊಂಡು ಬೆಳಕಿಗೆ ಹಿಡಿದು ಅದರ ಬಾಯಿ ನೋಡಿದ.

“ಹದ ಚೆನ್ನಾಗಿ ಕೂತದೆ,” ಅಂದ. ಮಚ್ಚನ್ನು ಮತ್ತೆ ಹಳಿಯ ಮೇಲಿಟ್ಟ. “ಈಗ ಇದ್ರ ಪಕ್ಕದಾಗೆ ನಿನ್ನ ಗುರುತು ಹಾಕವ್ವ.”

ಈ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಕಾದದ್ದು ಬಂದಾಗ ಕೈ ಚಾಚುತ್ತೇನೆ ಎಂದುಕೊಂಡಿದ್ದೆ. ಚಾಚಲಿಲ್ಲ.

“ನನ್ನ ಗುರುತಾ? ನಂಗೆಲ್ಲೈತಪ್ಪ ಗುರುತು. ನೀನು ಕೊಡ್ಲೇ ಇಲ್ವಲ್ಲ.”

ಅವನು ಮಚ್ಚನ್ನು ಟವೆಲ್ಲಿನಲ್ಲಿ ಸುತ್ತಿಕೊಳ್ಳಬೇಕೋ ಅಲ್ಲೇ ಬಿಡಬೇಕೋ ತಿಳಿಯದೆ ಹಿಡಿದುಕೊಂಡು ನಿಂತ. ಅವನ ಹಿಂದಿನವನು ಬಾಗಿದ ಕುಡುಗೋಲನ್ನು ಮುಂದೆ ಚಾಚಿದ. ನಾನು ಅದಕ್ಕೊಂದು ಮೊಳೆ ಎತ್ತಿಕೊಂಡೆ.

“ಪಕ್ಕಕ್ಕೆ ಬಾ ಅಪ್ಪ,” ಅಂದೆ. “ಜನ ಕಾಯ್ತವ್ರೆ.”